ಕಾಲರಾ ಎರವಲು ತಂದ ವಿಷ

ಕಾಲರಾ ತರುವ ವಿಬ್ರಿಯೊ ಕಾಲರೆ ಮೂಲತಃ ನೀರಿನ ಜೀವಿ. ನದಿ ಕಡಲನ್ನು ಸೇರುವಲ್ಲಿ, ಸೀಗಡಿಯ ದೂರದ ನೆಂಟರಾದ ಪುಟ್ಟ ಜೀವಿಗಳ ಚಿಪ್ಪಿಗೆ ಅಂಟಿಕೊಂಡು ಅದು ಬದುಕುತ್ತದೆ. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳಿವೆ. ದೊಡ್ಡ ಸಾಂಕ್ರಾಮಿಕಗಳನ್ನು ತಂದದ್ದು ಮಾತ್ರ ಓ1 ಮತ್ತು ಓ139 ಎಂಬ ಎರಡೇ.

1817ರಲ್ಲಿ ಬಂಗಾಳದಿಂದ ಹೊರಟ ವಾಂತಿಭೇದಿ ಜಗತ್ತನ್ನು ಮತ್ತೆ ಮತ್ತೆ ಸುತ್ತಿತು. 1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತಾದಲ್ಲಿ ರೋಗಾಣುವನ್ನು ಗುರುತಿಸಿದರು. ಅದು ಕೊಲ್ಲುವ ಬಗೆ ತಿಳಿಯಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು. ಕಲ್ಕತ್ತಾದಲ್ಲೇ ಶಂಭುನಾಥ ಡೇ ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಬಿಗಿದು, ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸೋಸಿ ಅದರೊಳಗೆ ಬಿಟ್ಟರು. ಸೋಸಿದ ದ್ರವದಲ್ಲಿ ಒಂದು ಬ್ಯಾಕ್ಟೀರಿಯಾವೂ ಉಳಿದಿರಲಿಲ್ಲ. ಆದರೂ ಕರುಳು ನೀರು ತುಂಬಿ ಉಬ್ಬಿತು. ರೋಗಾಣು ವಿಷವನ್ನು ಹೊರಚೆಲ್ಲುತ್ತದೆ ಎಂದು 1959ರಲ್ಲಿ ಅವರು ತೋರಿಸಿದ್ದು ಹೀಗೆ. ಇಷ್ಟು ಸರಳ, ಇಷ್ಟು ದೊಡ್ಡ ಕೆಲಸಕ್ಕೆ ಅವರ ಜೀವಿತಕಾಲದಲ್ಲಿ ಸಿಗಬೇಕಾದ ಮನ್ನಣೆ ಸಿಗಲಿಲ್ಲ.

ಆ ವಿಷದ ಜೀನ್ ಬ್ಯಾಕ್ಟೀರಿಯಾದ ಸ್ವಂತದ್ದೂ ಅಲ್ಲ. 1996ರಲ್ಲಿ ಮ್ಯಾಥ್ಯೂ ವಾಲ್ಡರ್ ಮತ್ತು ಜಾನ್ ಮೆಕಲಾನೋಸ್, ಅದು ಬ್ಯಾಕ್ಟೀರಿಯಾಕ್ಕೆ ಸೋಂಕುವ ಒಂದು ವೈರಸ್ ಹೊತ್ತು ತಂದ ಸರಕು ಎಂದು ಕಂಡುಕೊಂಡರು. ಬ್ಯಾಕ್ಟೀರಿಯಾ ಕರುಳಿನಲ್ಲಿ ನೆಲೆಯೂರಲು ಬೇಕಾದ ಕೂದಲಿನಂಥ ಎಳೆಗಳನ್ನೇ ಹಿಡಿದು ವೈರಸ್ ಒಳಹೊಗುತ್ತದೆ. ಇಲಿಗಳ ಕರುಳಿನೊಳಗೆ ವಿಷದ ಜೀನ್‌ನ ಈ ಹಸ್ತಾಂತರ ಪ್ರಯೋಗಾಲಯದ ಪಾತ್ರೆಗಿಂತ ಸಲೀಸಾಗಿ ನಡೆಯಿತು. ಹಾಗಾಗಿ ಮಲ ಬೆರೆತ ನೀರನ್ನು ಜನ ಕುಡಿಯುವಂತಾದರೆ ಹರಡುವುದು ಹಳೆಯ ರೋಗಾಣು ಮಾತ್ರವಲ್ಲ, ಹೊಸದು ರೂಪುಗೊಳ್ಳಲೂ ಅವಕಾಶ ಸಿಗುತ್ತದೆ. ಚರಂಡಿಗೆ ಹಣ ಕೇಳಿದಾಗ ಈ ಮಾತು ಏಕೋ ಯಾರ ಬಾಯಲ್ಲೂ ಬರುವುದಿಲ್ಲ.

ರೂಪಾಂತರವೆಂದರೆ ಸಣ್ಣಪುಟ್ಟ ನಕಲು ದೋಷಗಳು ಎಂದೇ ನಾವು ಓದಿದ್ದೇವೆ. ಬ್ಯಾಕ್ಟೀರಿಯಾ ಅಷ್ಟಕ್ಕೇ ಕಾಯುವುದಿಲ್ಲ. ಆ ಪುಟ್ಟ ಜೀವಿಗಳ ಚಿಪ್ಪನ್ನು ಕಟ್ಟುವ ಕೈಟಿನ್ ಎಂಬ ವಸ್ತು ಸಿಕ್ಕಿದಾಗ ಅದು ಸುತ್ತಲ ನೀರಿನಲ್ಲಿ ಬಿದ್ದಿರುವ ಡಿಎನ್ಎ ತುಣುಕುಗಳನ್ನೂ ಒಳಗೆಳೆದುಕೊಳ್ಳುತ್ತದೆ ಎಂಬುದು 2005ರಲ್ಲಿ ತಿಳಿಯಿತು.

1992ರ ಕೊನೆಯಲ್ಲಿ ಮದ್ರಾಸಿನಲ್ಲಿ ಕಂಡ ಓ139 ಇಂಥ ಎರವಲಿನ ಕೂಸು. ಹಳೆಯ ಓ1 ತನ್ನ ಹೊರಮೈಯ ಸಕ್ಕರೆ ಹೊದಿಕೆಯನ್ನು ಕಟ್ಟುವ ಜೀನ್‌ಗಳ ಗುಂಪನ್ನೇ ಕಳಚಿ ಬೇರೆಯದನ್ನು ತೊಟ್ಟಿತ್ತು. ಓ1ಕ್ಕೆ ಪಳಗಿದ್ದ ದೇಹಗಳಿಗೆ ಇದರ ಗುರುತು ಹತ್ತಲಿಲ್ಲ. ಕಾಲರಾ ಹೊಸದಲ್ಲದ ಊರುಗಳಲ್ಲೂ ದೊಡ್ಡವರೇ ಹೆಚ್ಚಾಗಿ ಹಾಸಿಗೆ ಹಿಡಿದರು. ಕೆಲವೇ ತಿಂಗಳಲ್ಲಿ ಅದು ಕಲ್ಕತ್ತಾ, ಬಾಂಗ್ಲಾದೇಶಗಳನ್ನು ಮುಟ್ಟಿತು. ಮುಂದೆ ಓ139 ಹಿಂದೆ ಸರಿಯಿತು. ಆದರೆ ಅದರಲ್ಲಿ ಪತ್ತೆಯಾದ ಎಸ್‌ಎಕ್ಸ್‌ಟಿ ಎಂಬ ಜೀನ್ ಗಂಟು, ಹಲವು ಔಷಧಗಳಿಗೆ ಬಗ್ಗದಂತೆ ಮಾಡುವಂಥದ್ದು, ಓ1ರಲ್ಲೂ ಬೇರೂರಿತು.

ಈ ಗಂಟು ಒಂದು ಕೋಶದಿಂದ ಇನ್ನೊಂದಕ್ಕೆ ನೇರವಾಗಿ ದಾಟುತ್ತದೆ. ಸಿಪ್ರೊಫ್ಲಾಕ್ಸಸಿನ್‌ನಂಥ ಆಂಟಿಬಯೋಟಿಕ್ ತಗುಲಿದಾಗ ಆ ದಾಟುವಿಕೆ ಹೆಚ್ಚುತ್ತದೆ ಎಂದು 2004ರಲ್ಲಿ ಪ್ರಯೋಗಗಳು ತೋರಿಸಿದವು. ಕಾಲರಾ ತೀವ್ರವಾದವರಿಗೆ ಆಂಟಿಬಯೋಟಿಕ್ ನೆರವಾಗುತ್ತದೆ. ಉಳಿದ ಬಹುಪಾಲು ರೋಗಿಗಳನ್ನು ಎಬ್ಬಿಸಿ ಕೂರಿಸಲು ಹೊತ್ತಿಗೆ ಸರಿಯಾಗಿ ಕುಡಿಸಿದ ಓಆರ್‌ಎಸ್ ಸಾಕು.