ಗ್ರೇನ್: ತೋಟಾ ತುಂಬುವವರ ಗುಲಗಂಜಿ

ಗ್ರೇನ್ ಎಂದರೆ ಕಾಳು ತಾನೇ? ರೈಫಲ್ ತೋಟಾ ತುಂಬಲು ಹೊಸದಾಗಿ ಕಲಿಯುವವರು ಎಡವುವುದೇ ಇಲ್ಲಿ. ಹೊಗೆಯಿಲ್ಲದ ಮದ್ದು ಸಣ್ಣ ಸಣ್ಣ ಕಾಳಿನಂತೆಯೇ ಇರುವುದರಿಂದ, ‘40 ಗ್ರೇನ್ ಮದ್ದು’ ಎಂದರೆ ನಲವತ್ತು ಕಾಳು ಎಂದು ತಿಳಿಯುವವರಿದ್ದಾರೆ. ಹಾಗಲ್ಲ. ಗ್ರೇನ್ ಒಂದು ತೂಕ: ಸುಮಾರು 64.8 ಮಿಲಿಗ್ರಾಂ. ಒಂದು ಪೌಂಡಿಗೆ 7,000 ಗ್ರೇನ್, ಒಂದು ಗ್ರಾಂಗೆ ಹದಿನೈದೂವರೆಗೆ ತುಸು ಕಡಿಮೆ.

ಹಿಂದೆ ಇಂಗ್ಲೆಂಡಿನಲ್ಲಿ ಬಾರ್ಲಿ ಕಾಳನ್ನು ತೂಕವಾಗಿಟ್ಟುಕೊಂಡಿದ್ದರಿಂದ ಈ ಹೆಸರು. ನಮ್ಮ ಅಕ್ಕಸಾಲಿಗರು ಗುಲಗಂಜಿ ಇಟ್ಟು ಚಿನ್ನ ತೂಗುತ್ತಿದ್ದುದೂ ಇದೇ ಜಾಣತನದಿಂದ. ಒಂದು ಗುಲಗಂಜಿ ಎರಡು ಗ್ರೇನ್‌ಗೆ ಹತ್ತಿರ. ಬ್ರಿಟಿಷರ ಕಾಲದ ತೊಲ ಸರಿಯಾಗಿ 180 ಗ್ರೇನ್, ಅಂದಿನ ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. ಅಂದರೆ .30-06 ರೈಫಲಿಗೆ ಹಾಕುವ 180 ಗ್ರೇನ್ ಗುಂಡು ಒಂದು ತೊಲ ತೂಗುತ್ತದೆ.

ಖಾಲಿಯಾದ ಹಿತ್ತಾಳೆ ತೋಟಾವನ್ನು ಹದ ಮಾಡಿ, ಹೊಸ ಕೇಪು (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು), ಮದ್ದು, ಗುಂಡು ಕೂರಿಸುವುದೇ ಹ್ಯಾಂಡ್‌ಲೋಡಿಂಗ್. ಅಮೆರಿಕದಲ್ಲಿ ಇದು ಮನೆಯ ಶೆಡ್ಡಿನಲ್ಲಿ ನಡೆಯುವ ಹವ್ಯಾಸ. ನಮ್ಮಲ್ಲಿ 1959ರ ಆಯುಧ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ.

ಈ ಕೆಲಸದಲ್ಲಿ ಗುಂಡನ್ನೂ ಮದ್ದನ್ನೂ ತೂಗುವುದು ಗ್ರೇನ್‌ನಲ್ಲೇ. ಎರಡು ಅಂಕೆಗಳನ್ನೂ ಜೊತೆಯಾಗಿಯೇ ಓದಬೇಕು. 150 ಗ್ರೇನ್ ಗುಂಡಿಗೆ ಹೇಳಿದ ಗರಿಷ್ಠ ಮದ್ದನ್ನು 180 ಗ್ರೇನ್ ಗುಂಡಿನ ಹಿಂದೆ ತುಂಬಿದರೆ, ಭಾರದ ಗುಂಡು ಮುಂದೆ ಸರಿಯಲು ತಡಮಾಡುತ್ತದೆ, ಒಳಗಿನ ಒತ್ತಡ ಏರಿಬಿಡುತ್ತದೆ. .308 ವಿಂಚೆಸ್ಟರ್ ತೋಟಾಕ್ಕೆ ಅಮೆರಿಕದಲ್ಲಿ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್. ಅದನ್ನು ಬಹಳ ಮೀರಿದರೆ ನಳಿಗೆಯೇ ಸೀಳಬಹುದು. ಮದ್ದಿನ ಹೆಸರಿನಲ್ಲೂ ಮೋಸ ಹೋಗಬಾರದು: 4350 ಎಂಬ ಅಂಕೆ ಹೊತ್ತ ಮದ್ದು ಒಂದಕ್ಕಿಂತ ಹೆಚ್ಚು ಬ್ರಾಂಡುಗಳಲ್ಲಿ ಸಿಗುತ್ತದೆ, ಒಂದರ ಅಳತೆ ಇನ್ನೊಂದಕ್ಕೆ ಸಲ್ಲದು.

ಹಾಗಾಗಿ ಅನುಭವಸ್ಥರು ತಯಾರಕರ ಕೋಷ್ಟಕದ ಗರಿಷ್ಠ ಅಂಕೆಗಿಂತ ಹತ್ತರಲ್ಲೊಂದು ಪಾಲು ಕೆಳಗಿನಿಂದ ಶುರುಮಾಡಿ, ಅರ್ಧರ್ಧ ಗ್ರೇನ್‌ನಂತೆ ಮೇಲೇರುತ್ತಾರೆ. ಪ್ರತಿ ಹೆಜ್ಜೆಗೂ ಹಾರಿದ ತೋಟಾವನ್ನು ಎತ್ತಿ ನೋಡುತ್ತಾರೆ. ಕೇಪಿನ ದುಂಡನೆಯ ಅಂಚು ಚಪ್ಪಟೆಯಾಗಿ ಹಿತ್ತಾಳೆಗೆ ಅಂಟಿದಂತಿದ್ದರೆ, ತೋಟಾದ ಹಿಂದೆ ರೈಫಲನ್ನು ಮುಚ್ಚುವ ಬೋಲ್ಟಿನ ಹಿಡಿ ಎತ್ತಲು ಕೈ ಬಿಗಿಯಬೇಕಾದರೆ, ಅಲ್ಲಿಗೇ ನಿಲ್ಲಿಸಿ ಕೆಳಗಿಳಿಯುತ್ತಾರೆ. ಆದರೆ ಈ ಗುರುತು ಕಾಣಲಿಲ್ಲ ಎಂದಮಾತ್ರಕ್ಕೆ ಒತ್ತಡ ಮಿತಿಯಲ್ಲಿದೆ ಎಂದು ನಂಬುವಂತಿಲ್ಲ. ಕೋಷ್ಟಕದ ಗರಿಷ್ಠವನ್ನು ದಾಟುವ ಮಾತೇ ಇಲ್ಲ.

ವೇಗದ ಹುಚ್ಚು ನನಗೆ ಅರ್ಥವಾಗುವುದಿಲ್ಲ. ಮಿತಿಯ ಹತ್ತಿರ ಒಂದು ಗ್ರೇನ್ ಹೆಚ್ಚಿಸಿದರೆ ವೇಗ ಸ್ವಲ್ಪವೇ ಏರುತ್ತದೆ, ಒತ್ತಡ ಮಾತ್ರ ಅದಕ್ಕಿಂತ ಬೇಗ ಏರುತ್ತದೆ. ಗುರಿ ತಪ್ಪದಿರಲು ಬೇಕಾದದ್ದು ಹೆಚ್ಚು ಮದ್ದಲ್ಲ, ಪ್ರತಿ ತೋಟಾದಲ್ಲೂ ಅಷ್ಟೇ ಮದ್ದು. ಒಳ್ಳೆಯ ತಕ್ಕಡಿಗಳು ಗ್ರೇನ್‌ನ ಹತ್ತನೇ ಒಂದು ಭಾಗವನ್ನು, ಅಂದರೆ ಆರೂವರೆ ಮಿಲಿಗ್ರಾಂ ಅನ್ನು, ಹಿಡಿಯುತ್ತವೆ. ಫ್ಯಾನಿನ ಗಾಳಿಗೇ ಅಂಕೆ ಓಲಾಡುವಷ್ಟು ಸೂಕ್ಷ್ಮ. ಎಲೆಕ್ಟ್ರಾನಿಕ್ ತಕ್ಕಡಿಗಳಲ್ಲಿ ಒಂದೇ ಗುಂಡಿ ಒತ್ತಿದರೆ ಗ್ರೇನ್, ಗ್ರಾಂ, ಕ್ಯಾರೆಟ್ ಬದಲಾಗುತ್ತವೆ. ಆದ್ದರಿಂದ ಮದ್ದಿನ ಡಬ್ಬಿ ತೆರೆಯುವ ಮೊದಲು ತೂಕ ಗೊತ್ತಿರುವ ಬಟ್ಟನ್ನು ಇಟ್ಟು, ಪರದೆಯ ಮೂಲೆಯಲ್ಲಿರುವ ಅಕ್ಷರವನ್ನು ಓದುವುದು ರೂಢಿ.