ಒಂದು ಚದರ ಮೀಟರ್ ಇದ್ದಾಗಲೇ ಕಿತ್ತಿದ್ದರೆ

1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಬುಡದಲ್ಲೇ, ಮೆಡಿಟರೇನಿಯನ್ ಸಮುದ್ರದ ತಳದಲ್ಲಿ, ಹಚ್ಚಹಸಿರು ಪಾಚಿಯ ತುಂಡು ಹಾಸೊಂದು ಕಂಡಿತು. ಅಳತೆ ಸುಮಾರು ಒಂದು ಚದರ ಮೀಟರ್. ಹೆಸರು ಕಾಲರ್ಪಾ ಟ್ಯಾಕ್ಸಿಫೋಲಿಯಾ. ತವರು ಉಷ್ಣವಲಯದ ಕಡಲು. ಚಳಿಗಾಲದಲ್ಲಿ 12-13 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಆ ನೀರಿನಲ್ಲಿ ಅದು ಬದುಕಲಾರದೆಂದೇ ಎಲ್ಲರೂ ಎಣಿಸಬಹುದಿತ್ತು.

ಆದರೆ ಇದು ಅಕ್ವೇರಿಯಂನಲ್ಲಿ ಪಳಗಿದ ತಳಿ. ಜರ್ಮನಿಯ ಸ್ಟುಟ್‌ಗಾರ್ಟ್ ಮೃಗಾಲಯದ ತೊಟ್ಟಿಗಳಲ್ಲಿ ಅಲಂಕಾರಕ್ಕೆಂದು ಬೆಳೆಸಿದ್ದು, ಫ್ರಾನ್ಸಿನ ನಾನ್ಸಿ ನಗರದ ಅಕ್ವೇರಿಯಂ ಮೂಲಕ ಮೊನಾಕೊದ ಅದೇ ವಸ್ತುಸಂಗ್ರಹಾಲಯದ ಅಕ್ವೇರಿಯಂ ಸೇರಿತ್ತು. 10 ಡಿಗ್ರಿಯ ತಣ್ಣೀರಿನಲ್ಲೂ ತಿಂಗಳುಗಟ್ಟಲೆ ತಾಳಿಕೊಳ್ಳುತ್ತದೆ. ಗರಿಯಂಥ ಎಲೆ, ಹಬ್ಬುವ ಬಳ್ಳಿ, ಎಲ್ಲ ಸೇರಿ ಇಡೀ ಪಾಚಿ ಒಂದೇ ಜೀವಕೋಶ! ಲಂಗರಿಗೋ ಬಲೆಗೋ ಸಿಕ್ಕ ಚೂರು ಬೇರೆಡೆ ಬಿದ್ದರೂ ಸಾಕು, ಹೊಸ ಹಾಸು ಚಿಗುರುತ್ತದೆ. ಮೈಯಲ್ಲಿ ವಿಷವಿರುವುದರಿಂದ ಹೆಚ್ಚಿನ ಮೀನುಗಳು ಮೂಸುವುದಿಲ್ಲ. ಮರಿಮೀನುಗಳಿಗೆ ಆಸರೆಯಾದ ಪೊಸಿಡೋನಿಯಾ ಕಡಲಹುಲ್ಲಿನ ನಡುವೆಯೂ ಅದು ನುಗ್ಗತೊಡಗಿತು.

1989ರ ಹೊತ್ತಿಗೆ ಹಾಸು ಒಂದು ಹೆಕ್ಟೇರ್ ಆಗಿತ್ತು. ನೀಸ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಅಲೆಕ್ಸಾಂದ್ರ್ ಮೈನೆಜ್ ಎಚ್ಚರಿಸಿದರು. ನಡೆದದ್ದು ಮಾತ್ರ ವಾದ: ಪಾಚಿ ಅಕ್ವೇರಿಯಂನಿಂದ ಬಂತೋ, ಕೆಂಪು ಸಮುದ್ರದಿಂದ ತಾನಾಗಿಯೇ ಬಂತೋ? ಅಕ್ವೇರಿಯಂ ತಳಿಯೇ ಎಂದು 1998ರಲ್ಲಿ ವಂಶವಾಹಿ ಪರೀಕ್ಷೆ ತೋರಿಸಿತು. ಅಷ್ಟರಲ್ಲಿ ಕೈಯಿಂದ ಕೀಳುವ ಕಾಲ ಮುಗಿದಿತ್ತು. 2000ದ ಕೊನೆಗೆ ಆರು ದೇಶಗಳ ಕರಾವಳಿಯಲ್ಲಿ ಸುಮಾರು 131 ಚದರ ಕಿಲೋಮೀಟರಿನಷ್ಟು ಪ್ರದೇಶಕ್ಕೆ ಅದು ತಗುಲಿಕೊಂಡಿತ್ತು. ಒಬ್ಬ ಮುಳುಗುಗಾರ ಒಂದು ಮಧ್ಯಾಹ್ನದಲ್ಲಿ ಕಿತ್ತು ತರಬಹುದಾಗಿದ್ದ ಗಿಡ ಅದು; ಈ ಕಥೆಯಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ಅದೇ.

ಅದೇ 2000ದ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾಡ್‌ನ ಹಿನ್ನೀರಿನಲ್ಲಿ ಇದೇ ತಳಿ ಸಿಕ್ಕಿತು. ಅಲ್ಲಿಯವರು ಮೂಲ ಯಾವುದೆಂದು ಜಗಳವಾಡುತ್ತ ಕೂರಲಿಲ್ಲ. ಕೆಲವೇ ವಾರಗಳಲ್ಲಿ ಪಾಚಿಯ ಮೇಲೆ ಕಪ್ಪು ಟಾರ್ಪಾಲು ಹೊದಿಸಿ, ಅಂಚು ಬಿಗಿದು, ಒಳಗೆ ಕ್ಲೋರಿನ್ ಬಿಟ್ಟರು. ಟಾರ್ಪಾಲಿನಡಿ ಸಿಕ್ಕ ಬೇರೆ ಜೀವಿಗಳೂ ಸತ್ತವು. ಅದನ್ನು ತಿಳಿದೇ ಒಪ್ಪಿಕೊಂಡರು. ಮುಳುಗುಗಾರರು ವರ್ಷಗಟ್ಟಲೆ ತಳ ಜಾಲಾಡಿದರು. ಪಾಚಿ ಪೂರ್ತಿ ಅಳಿದಿದೆ ಎಂದು 2006ರಲ್ಲಿ ಘೋಷಿಸುವ ಹೊತ್ತಿಗೆ ಖರ್ಚು ಸುಮಾರು 70 ಲಕ್ಷ ಡಾಲರ್.

2021ರಲ್ಲಿ ನ್ಯೂಜಿಲೆಂಡ್‌ನ ಗ್ರೇಟ್ ಬ್ಯಾರಿಯರ್ ದ್ವೀಪದಲ್ಲಿ ಇದರದೇ ಕುಲದ ಬೇರೊಂದು ಕಾಲರ್ಪಾ ಕಾಣಿಸಿಕೊಂಡಿತು. ಕೆಲವೇ ತಿಂಗಳಲ್ಲಿ ಅಲ್ಲಿನ ಸೋಂಕಿತ ಕೊಲ್ಲಿಗಳಲ್ಲಿ ಲಂಗರು ಹಾಕುವುದಕ್ಕೆ ನಿರ್ಬಂಧ ಬಂತು.