ಜೆಟ್ ಸ್ಕೀ ಒಮ್ಮೆ ಸ್ಟಾರ್ಟ್ ಆಗುತ್ತದೆ, ಒಮ್ಮೆ ಆಗುವುದಿಲ್ಲ: ಎಲ್ಲಿ ಹುಡುಕಬೇಕು?

ಪೂರ್ತಿ ಕೆಟ್ಟು ನಿಂತ ಜೆಟ್ ಸ್ಕೀ ರಿಪೇರಿ ಅಷ್ಟೇನೂ ಕಷ್ಟವಲ್ಲ. ತಲೆ ತಿನ್ನುವುದು ಆಗಾಗ ಕೈಕೊಡುವ ಗಾಡಿ. "ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯ್ತು ಮಾರಾಯ್ರೆ, ಈಗ ಕೇಳುದೇ ಇಲ್ಲ" ಅಂತ ಮಲ್ಪೆ, ಮುರುಡೇಶ್ವರದ ಕಡೆ ಗಾಡಿ ಓಡಿಸುವ ಹುಡುಗರು ಫೋನ್ ಮಾಡುತ್ತಾರೆ. ನಾವು ಹೋಗಿ ಬಟನ್ ಒತ್ತುವ ಹೊತ್ತಿಗೆ ಗಾಡಿ ಸರಿಯಾಗಿರುತ್ತದೆ. ಆಗ ಅಂದಾಜಿನ ಮೇಲೆ ಬ್ಯಾಟರಿ ಬದಲಾಗುತ್ತದೆ. ಸ್ವಲ್ಪ ದಿನಕ್ಕೆ ಅದೇ ತೊಂದರೆ. ಆಮೇಲೆ ರಿಲೇ (ಬಟನ್ ಒತ್ತಿದಾಗ ಮೋಟಾರಿಗೆ ದೊಡ್ಡ ಕರೆಂಟು ಬಿಡುವ ಸ್ವಿಚ್ಚು), ಆಮೇಲೆ ಎಂಜಿನ್ ತಿರುಗಿಸಿ ಶುರು ಮಾಡುವ ಸೆಲ್ಫ್ ಮೋಟಾರು. ಇಷ್ಟೆಲ್ಲ ಖರ್ಚು ಮಾಡಿದ ಮೇಲೂ ಗಾಡಿ ಸಮುದ್ರದ ಮಧ್ಯೆ ನಿಲ್ಲುತ್ತದೆ, ಹಿಂದೆ ಕೂತ ಪ್ರವಾಸಿಗನ ಸಮೇತ.

ಹಾಗಾಗಿ ಯಾವ ಭಾಗವನ್ನೂ ಬದಲಾಯಿಸುವ ಮೊದಲು ಅಳೆಯಬೇಕು. ಅದೂ ಗಾಡಿ ತೊಂದರೆ ಕೊಡುತ್ತಿರುವ ಹೊತ್ತಿನಲ್ಲೇ, ಬಟನ್ ಒತ್ತಿ ಹಿಡಿದುಕೊಂಡು, ಕರೆಂಟು ಹರಿಯುತ್ತಿರುವಾಗಲೇ ಅಳೆಯಬೇಕು.

ಅದಕ್ಕೂ ಮುಂಚೆ ಸೀಟು ತೆಗೆದು ಕೆಲವು ನಿಮಿಷ ಗಾಳಿಯಾಡಲು ಬಿಡಿ. ಜೆಟ್ ಸ್ಕೀಯ ಎಂಜಿನ್ ಮುಚ್ಚಿದ ಹೊಟ್ಟೆಯೊಳಗೆ ಕೂತಿರುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಕೆಳಗೇ ತುಂಬಿಕೊಳ್ಳುತ್ತದೆ. ಹಳೆ ಜೀಪಿನಲ್ಲಿ ಮಾಡುವ ಹಾಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ರಿಲೇ ಶಾರ್ಟ್ ಮಾಡಿ ಸೆಲ್ಫ್ ತಿರುಗಿಸುವುದನ್ನು ಇಲ್ಲಿ ಖಂಡಿತ ಮಾಡಬೇಡಿ. ಒಂದು ಕಿಡಿ ಸಾಕು.

ಮೊದಲ ಪರೀಕ್ಷೆಗೆ ಕಿವಿ ಸಾಕು. ಬಟನ್ ಒತ್ತಿದಾಗ ಯಾವ ಸದ್ದೂ ಇಲ್ಲವೆಂದರೆ ಬ್ಯಾಟರಿಯಿಂದ ಮೋಟಾರಿಗೆ ಹೋಗುವ ದಪ್ಪ ವೈರುಗಳ ಕಡೆ ಆಮೇಲೆ ನೋಡಿದರಾಯಿತು. ತೊಂದರೆ ಸಾಮಾನ್ಯವಾಗಿ ರಿಲೇಯನ್ನು ಎಬ್ಬಿಸುವ ಸಣ್ಣ ವೈರುಗಳ ದಾರಿಯಲ್ಲಿರುತ್ತದೆ. ಅಂದರೆ ಫ್ಯೂಸು, ಸ್ಟಾರ್ಟ್ ಬಟನ್, ಅವುಗಳ ಕನೆಕ್ಟರ್‌ಗಳು, ಮತ್ತು ಮುಖ್ಯವಾಗಿ ಕೈಗೆ ಕಟ್ಟಿಕೊಳ್ಳುವ ಹಗ್ಗದ ತುದಿಯ ಕಿಲ್ ಸ್ವಿಚ್. ಯಮಾಹಾ ವೇವ್‌ರನ್ನರ್‌ನಲ್ಲಿ ಅದೊಂದು ಪ್ಲಾಸ್ಟಿಕ್ ಕ್ಲಿಪ್. ಸವೆದು ಸಡಿಲವಾದರೆ ಸ್ವಿಚ್ಚು ಅರ್ಧಂಬರ್ಧ ನಿಲ್ಲುತ್ತದೆ. ಸೀ-ಡೂ ಗಾಡಿಯಲ್ಲಿ ಕೀ ಒಳಗೇ ಚಿಪ್ ಇದೆ. ಕೀ ಕೂರಿಸಿದಾಗ ಎರಡು ಸಣ್ಣ ಬೀಪ್ ಬರಬೇಕು. ಬರಲಿಲ್ಲ ಅಂದರೆ ಗಾಡಿ ಕೀಯನ್ನು ಗುರುತಿಸಿಲ್ಲ. ಆ ಜಾಗದಲ್ಲಿ ಉಪ್ಪು ಕಟ್ಟಿದ್ದರೂ ಹೀಗಾಗಬಹುದು, ಮೊದಲು ಸಿಹಿನೀರಿನಲ್ಲಿ ತೊಳೆದು ಒರೆಸಿ ನೋಡಿ. ತೊಂದರೆ ಕೊಡುತ್ತದೆ ಅಂತ ಕಿಲ್ ಸ್ವಿಚ್ಚನ್ನೇ ವೈರು ಕಟ್ಟಿ ಬೈಪಾಸ್ ಮಾಡುವವರಿದ್ದಾರೆ. ಸವಾರ ನೀರಿಗೆ ಬಿದ್ದಾಗ ಎಂಜಿನ್ ನಿಲ್ಲಿಸುವುದು ಅದೊಂದೇ, ದಯವಿಟ್ಟು ಅದನ್ನು ಮುಟ್ಟಬೇಡಿ.

ಟಕಟಕಟಕ ಅಂತ ಬೇಗ ಬೇಗ ಸದ್ದು ಬಂದರೆ ಸಾಮಾನ್ಯವಾಗಿ ಬ್ಯಾಟರಿಯಲ್ಲಿ ಬಲ ಇಲ್ಲ. ಒಂದೇ ಒಂದು ಸಲ "ಟಕ್" ಅಂದು ಸುಮ್ಮನಾದರೆ? ಹೆಚ್ಚು ತಪ್ಪು ತೀರ್ಮಾನ ಆಗುವುದು ಈ ಜಾಗದಲ್ಲೇ.

ಟಕ್ ಅಂದಿದೆ ಅಂದರೆ ರಿಲೇಯ ಸುರುಳಿಗೆ ಕರೆಂಟು ಬಂದಿದೆ, ಬಟನ್ ಕೆಲಸ ಮಾಡಿದೆ. ಆದರೆ ಮೋಟಾರಿಗೆ ಬೇಕಾದಷ್ಟು ಕರೆಂಟು ತಲುಪಿಲ್ಲ. ಮೆಕ್ಯಾನಿಕ್ ಮೀಟರ್ ಹಿಡಿದು ಬ್ಯಾಟರಿ ನೋಡುತ್ತಾನೆ, 12.6 ವೋಲ್ಟ್. ಮೋಟಾರಿನಿಂದ ವೈರು ಬಿಚ್ಚಿ, ಬಟನ್ ಒತ್ತಿಸಿ ನೋಡುತ್ತಾನೆ, ಅಲ್ಲೂ ಸರಿಯಾಗಿದೆ. "ಕರೆಂಟು ಬರ್ತಿದೆ, ಮೋಟಾರೇ ಹೋಗಿದೆ" ಅನ್ನುತ್ತಾನೆ. ಮೀಟರ್ ಸುಳ್ಳು ಹೇಳಿಲ್ಲ, ಆದರೆ ಅದು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಸೆಲ್ಫ್ ಮೋಟಾರು ಎಳೆಯುವುದು 100 ಆಂಪಿಯರ್ ಅಂದುಕೊಳ್ಳಿ. ದಾರಿಯಲ್ಲಿ ಕಿಲುಬು ಹಿಡಿದ ಒಂದು ಜೋಡಣೆ ಇದೆ, ಅದರ ರೆಸಿಸ್ಟೆನ್ಸ್ ಬರೀ 0.02 ಓಮ್. ಸಾಧಾರಣ ಮೀಟರಿನ ಓಮ್ ರೇಂಜಿನಲ್ಲಿ ಇದು ಕಾಣುವುದೇ ಇಲ್ಲ. ಆದರೆ 100ನ್ನು 0.02ರಿಂದ ಗುಣಿಸಿ, 2 ವೋಲ್ಟ್! ಸ್ಟಾರ್ಟ್ ಮಾಡುವಾಗ ಬ್ಯಾಟರಿ ಹೇಗೂ ಹತ್ತೂವರೆ ವೋಲ್ಟಿನ ಹತ್ತಿರ ಇಳಿದಿರುತ್ತದೆ. ಅದರಲ್ಲಿ ಎರಡನ್ನು ಈ ಒಂದು ಜೋಡಣೆಯೇ ನುಂಗಿದರೆ ಮೋಟಾರು ತಿರುಗುವುದು ಹೇಗೆ?

ಪತ್ತೆ ಮಾಡುವುದು ಹೀಗೆ. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ. ಕ್ಲ್ಯಾಂಪಿನ ಮೇಲಲ್ಲ, ಕಂಬದ ಮೇಲೆಯೇ. ಇನ್ನೊಂದು ಕಡ್ಡಿ ಎಂಜಿನ್ ಬ್ಲಾಕಿನ ಬೆಳ್ಳಗಿನ ಲೋಹದ ಮೇಲೆ. ಈಗ ಒಬ್ಬರು ಬಟನ್ ಒತ್ತಲಿ. 0.2 ವೋಲ್ಟಿನ ಒಳಗೆ ಬಂದರೆ ಅರ್ತ್, ಅಂದರೆ ಎಂಜಿನ್‌ನಿಂದ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಬರುವ ದಾರಿ, ಸರಿ ಇದೆ. ಅರ್ಧ, ಒಂದು ವೋಲ್ಟ್ ಬಂದರೆ ಕಳ್ಳ ಆ ದಾರಿಯಲ್ಲೇ ಇದ್ದಾನೆ. ಪಾಸಿಟಿವ್ ಕಡೆಯೂ ಹೀಗೇ, ಬ್ಯಾಟರಿ ಕಂಬದಿಂದ ಸೆಲ್ಫ್ ಮೋಟಾರಿನ ಬೋಲ್ಟಿನವರೆಗೆ. ಅಲ್ಲಿ ಅರ್ಧ ವೋಲ್ಟ್ ದಾಟಬಾರದು. ದಾಟಿದರೆ ರಿಲೇಯ ಎರಡು ದಪ್ಪ ಬೋಲ್ಟುಗಳಿಗೆ ಕಡ್ಡಿ ಇಡಿ. ಬಟನ್ ಒತ್ತದಿರುವಾಗ 12 ವೋಲ್ಟ್ ತೋರಿಸಬೇಕು, ಒತ್ತಿದಾಗ ಸೊನ್ನೆಯ ಹತ್ತಿರ ಬರಬೇಕು. ಟಕ್ ಅಂದ ಮೇಲೂ 12ರಲ್ಲೇ ನಿಂತರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ಆಗ ಮಾತ್ರ ರಿಲೇ ಬದಲಿಸಿ. ಎರಡೂ ದಾರಿ ಸರಿ ಇದ್ದು, ಮೋಟಾರಿನ ಬುಡದಲ್ಲೇ ಹತ್ತು ವೋಲ್ಟ್ ಸಿಕ್ಕಿಯೂ ತಿರುಗದಿದ್ದರೆ, ಎಂಜಿನ್ ಜಾಮ್ ಆಗಿಲ್ಲ ಅಂತ ಖಾತ್ರಿ ಮಾಡಿಕೊಂಡು ಮೋಟಾರು ಬಿಚ್ಚಿ. ಬ್ರಷ್ ಸವೆದಿರಬಹುದು. ಮೋಟಾರು ಕೂತಿರುವುದೂ ಕೆಳಗೆ, ಒಳಗೆ ನಿಂತ ಉಪ್ಪುನೀರು ಮೊದಲು ಮುಟ್ಟುವುದೂ ಅದನ್ನೇ.

ಬೆಳಿಗ್ಗೆ ಸರಿ ಇದ್ದದ್ದು ಮಧ್ಯಾಹ್ನ ಯಾಕೆ ಕೈಕೊಡುತ್ತದೆ? ಬಿಸಿಯಾದ ತಾಮ್ರದಲ್ಲಿ ರೆಸಿಸ್ಟೆನ್ಸ್ ಏರುತ್ತದೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ನೂರಕ್ಕೆ 0.4ರಷ್ಟು. ಗಾಡಿ ಓಡಿಸಿ ನಿಲ್ಲಿಸಿದ ಮೇಲೆ ಸೀಟಿನ ಕೆಳಗೆ ಗಾಳಿಯೂ ಇಲ್ಲ, ತಂಪು ನೀರಿನ ಓಡಾಟವೂ ಇಲ್ಲ. ಶಾಖ ಹೆಚ್ಚುತ್ತದೆ. ತಾಮ್ರ 50 ಡಿಗ್ರಿ ಜಾಸ್ತಿ ಬಿಸಿಯಾದರೆ ರೆಸಿಸ್ಟೆನ್ಸ್ ಐದರಲ್ಲಿ ಒಂದು ಪಾಲು ಏರಿತು. ರಿಲೇಯ ಎಳೆತ ಕಡಿಮೆ, ಮೋಟಾರಿನ ಬಲವೂ ಕಡಿಮೆ. ಮೊದಲೇ ಅಂಚಿನಲ್ಲಿದ್ದ ಜೋಡಣೆ ಆಗ ಸೋಲುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿ. ಅದಕ್ಕೇ ಅಳತೆಯನ್ನು ಬಿಸಿ ಗಾಡಿಯ ಮೇಲೆ ಮಾಡಿ ಅನ್ನುವುದು.

ನಮ್ಮ ಕಡಲತೀರದ ಗಾಡಿಗಳಿಗೆ ಇನ್ನೊಂದು ಕಷ್ಟ ಇದೆ. ಐದು ನಿಮಿಷದ ಒಂದು ಸುತ್ತು, ಆಫ್, ಜನ ಬದಲು, ಮತ್ತೆ ಸ್ಟಾರ್ಟ್. ಹೀಗೆ ದಿನವಿಡೀ. ಪ್ರತಿ ಸ್ಟಾರ್ಟಿಗೂ ಬ್ಯಾಟರಿಯಿಂದ ಹೋದದ್ದು ವಾಪಸ್ ತುಂಬುವಷ್ಟು ಹೊತ್ತು ಎಂಜಿನ್ ಓಡುವುದೇ ಇಲ್ಲ. ನಿಧಾನಕ್ಕೆ ಓಡುವಾಗ ಚಾರ್ಜಿಂಗೂ ಕಡಿಮೆ. ಬ್ಯಾಟರಿ ಸದಾ ಅರೆಹೊಟ್ಟೆಯಲ್ಲಿರುತ್ತದೆ, ಬೇಗ ಸಾಯುತ್ತದೆ. ಸೀಸನ್ನಿನಲ್ಲಿ ರಾತ್ರಿ ಚಾರ್ಜರ್‌ಗೆ ಹಾಕುವುದನ್ನು ಅಭ್ಯಾಸ ಮಾಡಿಕೊಳ್ಳಿ. ಮಳೆಗಾಲದಲ್ಲಿ ಬ್ಯಾಟರಿ ಬಿಚ್ಚಿ ಒಣಗಿದ ಜಾಗದಲ್ಲಿಟ್ಟು ಆಗಾಗ ಚಾರ್ಜ್ ಮಾಡಿ. ಹಾಗೇ ಶೆಡ್ಡಿನಲ್ಲಿ ಬಿಟ್ಟು ಮಳೆ ನಿಂತ ಮೇಲೆ ಹೊರಗೆ ತೆಗೆದ ಗಾಡಿಗಳೇ ಮೊದಲು ನಮ್ಮ ಹತ್ತಿರ ಬರುವುದು.

ಟಕ್ ಅಂದು ನಿಲ್ಲುವುದಕ್ಕೆ ಇನ್ನೊಂದು ಕಾರಣ ಇದೆ, ಅದು ಹೆದರಬೇಕಾದದ್ದು: ಸಿಲಿಂಡರಿನೊಳಗೆ ನೀರು. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ. ಪಿಸ್ಟನ್ ಅಲ್ಲೇ ತಡೆದು ನಿಲ್ಲುತ್ತದೆ. ಮತ್ತೆ ಮತ್ತೆ ಬಟನ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಗಾಡಿ ಮಗುಚಿದ್ದರೆ, ಅಥವಾ ಕೆಟ್ಟು ನಿಂತದ್ದನ್ನು ಜೋರಾಗಿ ಎಳೆದು ತಂದಿದ್ದರೆ ಈ ಅನುಮಾನ ಮೊದಲು ಬರಬೇಕು. ಎಳೆದು ತರುವಾಗ ಗಂಟೆಗೆ 8 ಕಿಲೋಮೀಟರ್ ದಾಟಬಾರದು, ಕೂಲಿಂಗ್ ನೀರಿನ ಹೋಸನ್ನು ಕ್ಲ್ಯಾಂಪ್ ಹಾಕಿ ಮುಚ್ಚಬೇಕು ಅಂತ ಯಮಾಹಾದ ಕೈಪಿಡಿಯಲ್ಲೇ ಇದೆ. ಇಲ್ಲದಿದ್ದರೆ ನೀರು ಎಕ್ಸಾಸ್ಟ್ ದಾರಿಯಿಂದ ಎಂಜಿನ್‌ಗೆ ಹೋಗುತ್ತದೆ. ಒಂದು ಸಡಿಲ ಲಗ್‌ನಿಂದ (ಕೇಬಲ್ಲಿನ ತುದಿಯಲ್ಲಿ ಬೋಲ್ಟಿಗೆ ಹಾಕುವ ಲೋಹದ ಬಳೆ) ಸ್ಟಾರ್ಟ್ ಆಗದ ಗಾಡಿ, ಅವಸರದ ಎಳೆದಾಟದಿಂದ ಎಂಜಿನ್ ಬಿಚ್ಚುವ ರಿಪೇರಿಗೆ ಬರುವುದನ್ನು ನೋಡಿದಾಗ ನಿಜಕ್ಕೂ ಬೇಸರವಾಗುತ್ತದೆ. ದಡದಲ್ಲಿ ಪೈಪ್ ಹಾಕಿ ತೊಳೆಯುವಾಗಲೂ ಇದೇ ಎಚ್ಚರ. ಮೊದಲು ಎಂಜಿನ್ ಶುರು, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಆಮೇಲೆ ಎಂಜಿನ್.

ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯುತ್ತಿಲ್ಲ ಅಂದರೆ ಅದು ಬೇರೆ ಕತೆ. ಹಳೇ ಪೆಟ್ರೋಲ್, ಸ್ಪಾರ್ಕ್ ಪ್ಲಗ್, ಫ್ಯೂಯೆಲ್ ಪಂಪ್ ನೋಡಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಬಿಟ್ಟು ನಿಲ್ಲಿಸಬೇಡಿ.

ಕಳ್ಳ ಜೋಡಣೆ ಸಿಕ್ಕ ಮೇಲೆ ಸುಮ್ನೆ ನಟ್ಟು ಬಿಗಿ ಮಾಡಿ ಬಿಡಬೇಡಿ. ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ. ಕೇಬಲ್ಲಿನ ತುದಿಯಲ್ಲಿ ಒಂದಿಷ್ಟು ಪ್ಲಾಸ್ಟಿಕ್ ಹೊದಿಕೆ ಸುಲಿದು ನೋಡಿ. ಹೊರಗೆ ಹೊಸದರ ಹಾಗೆ ಕಾಣುವ ಕೇಬಲ್ಲಿನ ಒಳಗೆ ಎಳೆಗಳು ಕಪ್ಪಾಗಿರುತ್ತವೆ. ಉಪ್ಪುನೀರು ಎಳೆಗಳ ನಡುವೆ ಬತ್ತಿಗೆ ಎಣ್ಣೆ ಏರುವ ಹಾಗೆ ಏರುತ್ತದೆ. ಅಂಥ ಕೇಬಲ್ ತೆಗೆದು ತವರ ಲೇಪದ ಮೆರೈನ್ ಕೇಬಲ್ ಹಾಕಿ. ಲಗ್ಗನ್ನು ಸರಿಯಾದ ಉಪಕರಣದಲ್ಲಿ ಕ್ರಿಂಪ್ ಮಾಡಿ (ಒತ್ತಿ ಕೂರಿಸಿ), ಅದರ ಮೇಲೆ ಒಳಮೈಯಲ್ಲಿ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಕೂರುವ ಕೊಳವೆ) ತೊಡಿಸಿ. ಬಿಗಿದ ಮೇಲೆ ಹೊರಗಿನಿಂದ ಗ್ರೀಸ್ ಹಚ್ಚಿ.

ಆಮೇಲೆ ಗಾಡಿಯನ್ನು ನೀರಿಗಿಳಿಸಿ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಅವೇ ಜಾಗಗಳಲ್ಲಿ ಮತ್ತೆ ಅಳೆಯಿರಿ. ಸೆಲ್ಫನ್ನು ಒಂದು ಸಲಕ್ಕೆ 5 ಸೆಕೆಂಡಿಗಿಂತ ಜಾಸ್ತಿ ಒತ್ತಬೇಡಿ, ನಡುವೆ 15 ಸೆಕೆಂಡ್ ಬಿಡುವು ಕೊಡಿ. ಬಂದ ಅಂಕಿಗಳನ್ನು ತಾರೀಕಿನ ಜೊತೆ ಗಾಡಿಯ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸೀಸನ್ನಿನಲ್ಲಿ ಅರ್ತ್ ಕಡೆಯ 0.1 ವೋಲ್ಟು 0.3 ಆಗಿದ್ದರೆ, ಗಾಡಿ ಇನ್ನೂ ಸ್ಟಾರ್ಟ್ ಆಗುತ್ತಿರುವಾಗಲೇ ಆ ಕೇಬಲ್ ಬಿಚ್ಚಿ ಶುಚಿ ಮಾಡಬಹುದು.